ಹಳೆಯ ಪಿಕಪ್‌ಗಳ ಸ್ಟಾರ್ಟರ್ ಮತ್ತು ಇಗ್ನಿಷನ್ ದೋಷಗಳು

ನಿಂತಿರುವ ಎಂಜಿನನ್ನು ಮೊದಲು ತಿರುಗಿಸಿ ಕೊಡುವ ವಿದ್ಯುತ್ ಮೋಟರಿಗೆ ಸ್ಟಾರ್ಟರ್ ಎಂದು ಹೆಸರು. ನಮ್ಮ ಗ್ಯಾರೇಜುಗಳಲ್ಲಿ ಇದನ್ನು ‘ಸೆಲ್ಫ್’ ಎನ್ನುತ್ತಾರೆ. ಸಿಲಿಂಡರಿನಲ್ಲಿರುವ ಪೆಟ್ರೋಲು-ಗಾಳಿಯ ಮಿಶ್ರಣಕ್ಕೆ ಸರಿಯಾದ ಗಳಿಗೆಯಲ್ಲಿ ಕಿಡಿ ಕೊಡುವ ವ್ಯವಸ್ಥೆ ಇಗ್ನಿಷನ್. ಎರಡೂ ನಡೆಯುವುದು ಒಂದೇ ಬ್ಯಾಟರಿಯಿಂದ, ಒಂದೇ ಕೀಲಿಯಿಂದ. ಆದ್ದರಿಂದಲೇ ಒಂದರ ದೋಷ ಎಷ್ಟೋ ಸಲ ಇನ್ನೊಂದರ ದೋಷದಂತೆ ಕಾಣುತ್ತದೆ. ಇಪ್ಪತ್ತು ಮೂವತ್ತು ವರ್ಷ ದುಡಿದ ಪಿಕಪ್‌ನಲ್ಲಿ ಬ್ಯಾಟರಿ, ಸೆಲ್ಫ್, ಕಾಯಿಲ್‌ಗಳಂಥ ಭಾಗಗಳಿಗಿಂತ ಹೆಚ್ಚಾಗಿ ಕೆಡುವುದು ಅವುಗಳ ನಡುವೆ ಕರೆಂಟು ಓಡಾಡುವ ದಾರಿ: ಕೇಬಲಿನ ತುದಿ, ಅರ್ತ್ ಪಟ್ಟಿ, ಸ್ವಿಚ್ಚಿನ ಒಳಗಿನ ತಾಮ್ರದ ತುಂಡು, ಕಿಲುಬು ಹಿಡಿದ ಪ್ಲಗ್ಗು. ಇದನ್ನು ಗಮನಿಸದೆ ಭಾಗದ ಮೇಲೆ ಭಾಗ ಬದಲಿಸಿ ಹಣ ಕಳೆದುಕೊಳ್ಳುವವರೇ ಹೆಚ್ಚು.

ಈ ಲೇಖನ ಅಮೆರಿಕದ ಫೋರ್ಡ್ ಎಫ್-ಸರಣಿಯ 1970 ಮತ್ತು 80ರ ದಶಕಗಳ ಪೆಟ್ರೋಲ್ ಪಿಕಪ್‌ಗಳನ್ನು ಮುಖ್ಯ ಉದಾಹರಣೆಯಾಗಿ ಇಟ್ಟುಕೊಂಡಿದೆ. ಅವುಗಳಲ್ಲಿ ಸ್ಟಾರ್ಟರ್ ರಿಲೇ ಬಾನೆಟ್ಟಿನ ಕೆಳಗೆ, ಮಡ್‌ಗಾರ್ಡಿನ ಒಳಗೋಡೆಯ ಮೇಲೆ, ಬ್ಯಾಟರಿಯ ಪಕ್ಕದಲ್ಲೇ ಇರುತ್ತದೆ. ಕರೆಂಟು ಹೋಗುವ ದಾರಿಯ ಬಹುಪಾಲನ್ನು ವಾಹನದ ಕೆಳಗೆ ನುಸುಳದೆ ಅಳೆಯಬಹುದು. ದೋಷ ಹುಡುಕುವುದನ್ನು ಕಲಿಯಲು ಇದಕ್ಕಿಂತ ಒಳ್ಳೆಯ ವಾಹನ ಸಿಗುವುದು ಕಷ್ಟ.

ಹಿನ್ನೆಲೆ

ಕೈಯಿಂದ ಹ್ಯಾಂಡಲ್ ತಿರುಗಿಸಿ ಎಂಜಿನ್ ಚಾಲೂ ಮಾಡುವ ಕಾಲಕ್ಕೆ ಕೊನೆ ಹಾಡಿದವನು ಓಹಾಯೋ ರಾಜ್ಯದ ಡೇಟನ್ ನಗರದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್. ಅವನ ಡೆಲ್ಕೊ ಕಂಪನಿ ಮಾಡಿದ ವಿದ್ಯುತ್ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿನ 1912ರ ಮಾದರಿಯಲ್ಲಿ ಬಂತು. ಕೆಟರಿಂಗ್ ಅದಕ್ಕೆ ಮೊದಲು ಅಂಗಡಿಗಳ ಹಣದ ಯಂತ್ರಕ್ಕೆ ವಿದ್ಯುತ್ ಮೋಟರು ಕೂಡಿಸಿದ್ದ. ಕೆಲವೇ ಕ್ಷಣ ತಿರುಗಿ ನಿಲ್ಲುವ ಮೋಟರಿನಿಂದ ಅದರ ಗಾತ್ರಕ್ಕೆ ಮೀರಿದ ಕೆಲಸ ತೆಗೆಯಬಹುದೆಂಬ ತಿಳಿವಳಿಕೆ ಅವನಿಗೆ ಬಂದದ್ದು ಅಲ್ಲಿ. ಇಂದಿಗೂ ಸ್ಟಾರ್ಟರಿನ ಹುಟ್ಟುಗುಣ ಅದೇ. ಸತತವಾಗಿ ಓಡಲು ಅದನ್ನು ಮಾಡಿಲ್ಲ. ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಹೊತ್ತು ಒಂದೇ ಸಮನೆ ಸೆಲ್ಫ್ ಹೊಡೆದರೆ ಒಳಗಿನ ಸುರುಳಿ ಸುಡುತ್ತದೆ. ಎರಡು ಪ್ರಯತ್ನಗಳ ನಡುವೆ ಒಂದೆರಡು ನಿಮಿಷ ಬಿಡಲೇಬೇಕು.

ಫೋರ್ಡ್ ಕಂಪನಿಯ ಮಾಡೆಲ್ ಟಿ ವಾಹನಕ್ಕೆ ವಿದ್ಯುತ್ ಸ್ಟಾರ್ಟರ್ ಬಂದದ್ದು 1919ರಲ್ಲಿ. ಅದೇ ಮಾಡೆಲ್ ಟಿ 1925ರಲ್ಲಿ ಕಾರ್ಖಾನೆಯಲ್ಲೇ ಕೂಡಿಸಿದ ಪಿಕಪ್ ತೊಟ್ಟಿಯೊಂದಿಗೆ ಮಾರಾಟಕ್ಕೆ ಬಂತು. ಎಫ್-ಸರಣಿ ಶುರುವಾದದ್ದು 1948ರ ಮಾದರಿಯಿಂದ. 1955ರವರೆಗಿನ ಟ್ರಕ್ಕುಗಳಲ್ಲಿ 6 ವೋಲ್ಟಿನ ಬ್ಯಾಟರಿ ಇದ್ದು ಅದರ ಪ್ಲಸ್ ತುದಿಯನ್ನು ಬಾಡಿಗೆ ಅರ್ತ್ ಮಾಡಿರುತ್ತಿದ್ದರು; 1956ರಲ್ಲಿ 12 ವೋಲ್ಟ್ ಬಂತು, ಅರ್ತ್ ಮೈನಸ್ ಕಡೆಗೆ ಬದಲಾಯಿತು. ಐವತ್ತರ ದಶಕದ ವಾಹನಕ್ಕೆ ಬೇರೆ ವಾಹನದಿಂದ ಜಂಪ್ ಕೊಡುವ ಮೊದಲು ಈ ವರ್ಷವನ್ನು ನೋಡಿಕೊಳ್ಳದೆ ಕೇಬಲಿಗೆ ಕೈ ಹಾಕಬಾರದು. ಇಂದು ಬಹುತೇಕ ಎಲ್ಲರ ಪರಿಚಯದ ಎಫ್-150 ಮಾದರಿ 1975ರದ್ದು.

ಕರೆಂಟಿನ ಎರಡು ದಾರಿ

ಸ್ಟಾರ್ಟರ್ ವ್ಯವಸ್ಥೆಯಲ್ಲಿ ದಪ್ಪ ದಾರಿ ಒಂದು, ಸಣ್ಣ ದಾರಿ ಒಂದು. ದಪ್ಪ ದಾರಿ ಬ್ಯಾಟರಿಯ ಪ್ಲಸ್‌ನಿಂದ ಹೊರಟು ರಿಲೇಯ ಒಂದು ದೊಡ್ಡ ಬೋಲ್ಟಿಗೆ ಬಂದು, ಇನ್ನೊಂದು ದೊಡ್ಡ ಬೋಲ್ಟಿನಿಂದ ಸೆಲ್ಫಿಗೆ ಇಳಿದು, ಸೆಲ್ಫಿನ ಮೈಯಿಂದ ಎಂಜಿನ್ ಬ್ಲಾಕಿಗೆ ಸೇರಿ, ಅರ್ತ್ ಕೇಬಲ್ ಹಿಡಿದು ಬ್ಯಾಟರಿಯ ಮೈನಸ್‌ಗೆ ಮರಳುತ್ತದೆ. ದೊಡ್ಡ ವಿ-8 ಎಂಜಿನ್ ತಿರುಗುವಾಗ ಇದರಲ್ಲಿ 150ರಿಂದ 200 ಆಂಪಿಯರ್, ಕೆಲವು ಸಲ ಅದಕ್ಕೂ ಮಿಕ್ಕಿದ ಕರೆಂಟು ಹರಿಯುತ್ತದೆ. ಸಣ್ಣ ದಾರಿ ಕೀಲಿಯ ಸ್ವಿಚ್ಚಿನದು. ಕೀಲಿಯನ್ನು ಸ್ಟಾರ್ಟ್‌ಗೆ ತಿರುಗಿಸಿದಾಗ ಸ್ವಿಚ್ಚಿನಿಂದ ಹೊರಟ ಕೆಂಪು ಮೇಲೆ ತಿಳಿನೀಲಿ ಪಟ್ಟೆಯ ವೈರು, ಆಟೋಮ್ಯಾಟಿಕ್ ಗೇರಿನ ವಾಹನದಲ್ಲಾದರೆ ಗೇರಿನಲ್ಲಿದ್ದಾಗ ಸೆಲ್ಫ್ ಹಿಡಿಯದಂತೆ ತಡೆಯುವ ನ್ಯೂಟ್ರಲ್ ಸ್ವಿಚ್ಚಿನ ಮೂಲಕ ಹಾದು, ರಿಲೇಯ ‘ಎಸ್’ ಎಂಬ ಸಣ್ಣ ಕಡ್ಡಿಗೆ ಕರೆಂಟು ತರುತ್ತದೆ. ಆಗ ರಿಲೇ ಎಳೆದುಕೊಂಡು ಎರಡು ದೊಡ್ಡ ಬೋಲ್ಟುಗಳನ್ನು ಕೂಡಿಸುತ್ತದೆ. ರಿಲೇಗೆ ಪ್ರತ್ಯೇಕ ಅರ್ತ್ ವೈರಿಲ್ಲ. ಅದನ್ನು ಕೂರಿಸಿದ ತಗಡೇ ಅದರ ಅರ್ತ್. ಮಡ್‌ಗಾರ್ಡಿಗೆ ತುಕ್ಕು ಹಿಡಿದರೆ ಅಥವಾ ಯಾರಾದರೂ ಬಣ್ಣ ಹೊಡೆದು ಅದರ ಮೇಲೇ ಹೊಸ ರಿಲೇ ಕೂಡಿಸಿದರೆ, ಒಳ್ಳೆಯ ರಿಲೇಯೂ ಮಿಸುಕುವುದಿಲ್ಲ.

ರಿಲೇಯ ಮೇಲೆ ‘ಐ’ ಎಂಬ ಇನ್ನೊಂದು ಸಣ್ಣ ಕಡ್ಡಿ ಇದೆ. ಇಗ್ನಿಷನ್ ದೋಷಗಳನ್ನು ಬಿಡಿಸುವಾಗ ಅದು ಮತ್ತೆ ಬೇಕಾಗುತ್ತದೆ.

ಈ ಕಾಲದ ಫೋರ್ಡ್ ಸೆಲ್ಫಿನ ಬೆನ್ನ ಮೇಲೆ ಬೇರೆ ಕಂಪನಿಗಳದ್ದರಂತೆ ಸೊಲೆನಾಯ್ಡ್, ಎಂದರೆ ಕರೆಂಟು ಬಂದಾಗ ಎಳೆದುಕೊಳ್ಳುವ ವಿದ್ಯುತ್ ಅಯಸ್ಕಾಂತ, ಇರುವುದಿಲ್ಲ. ಒಳಗಿನ ಫೀಲ್ಡ್ ಸುರುಳಿಯ ಕಬ್ಬಿಣದ ತುಂಡುಗಳಲ್ಲಿ ಒಂದು ಅಲ್ಲಾಡುವಂಥದ್ದು. ಕರೆಂಟು ಬಂದೊಡನೆ ಅದು ಒಳಕ್ಕೆ ಎಳೆದುಕೊಂಡು, ಸನ್ನೆಯ ಮೂಲಕ ಬೆಂಡಿಕ್ಸ್ ಗೇರನ್ನು ಫ್ಲೈವೀಲಿನ ರಿಂಗ್ ಗೇರಿನತ್ತ ನೂಕುತ್ತದೆ. 1990ರ ದಶಕದ ಹೊತ್ತಿಗೆ ಫೋರ್ಡ್ ಶಾಶ್ವತ ಅಯಸ್ಕಾಂತದ ಸಣ್ಣ ಸೆಲ್ಫಿಗೆ ಬದಲಾಯಿಸಿ, ಸೊಲೆನಾಯ್ಡನ್ನು ಸೆಲ್ಫಿನ ಮೇಲೇ ತಂದಿತು. ಹಳೆಯ ವಾಹನಕ್ಕೆ ಈ ಹೊಸ ಸೆಲ್ಫ್ ಹಾಕಿಸುವವರು ಬಹಳ. ಹಗುರ, ಬಲವೂ ಹೆಚ್ಚು. ಆದರೆ ಹಳೆಯ ವೈರಿಂಗನ್ನೇ ಉಳಿಸಿ ಸೆಲ್ಫಿನ ಮೇಲೆ ತುಂಡು ವೈರು ಹಾಕಿ ಸೊಲೆನಾಯ್ಡಿಗೆ ಕೊಟ್ಟರೆ, ಕೀಲಿ ಬಿಟ್ಟ ಮೇಲೂ ತಿರುಗುತ್ತಿರುವ ಮೋಟರು ತಾನೇ ಕರೆಂಟು ಹುಟ್ಟಿಸಿ ಸೊಲೆನಾಯ್ಡನ್ನು ಸ್ವಲ್ಪ ಹೊತ್ತು ಹಿಡಿದಿಡುತ್ತದೆ. ಗೇರು ಬಿಡದೆ ಕಿರುಗುಟ್ಟುತ್ತದೆ. ಸೊಲೆನಾಯ್ಡಿನ ಸಣ್ಣ ವೈರನ್ನು ರಿಲೇಯಿಂದ ಬೇರೆಯಾಗಿ ತಂದರೆ ಈ ತೊಂದರೆ ಇಲ್ಲ.

ಬ್ಯಾಟರಿ

ಪರೀಕ್ಷೆ ಶುರುವಾಗಬೇಕಾದ್ದು ಇಲ್ಲಿಂದ. ಪೂರ್ತಿ ಚಾರ್ಜಾದ 12 ವೋಲ್ಟಿನ ಸೀಸ-ಆಮ್ಲ ಬ್ಯಾಟರಿ, ಕೆಲವು ಗಂಟೆ ಸುಮ್ಮನಿದ್ದ ಮೇಲೆ, 12.6 ವೋಲ್ಟ್ ಅಥವಾ ತುಸು ಹೆಚ್ಚು ತೋರಿಸಬೇಕು. 12.2 ಎಂದರೆ ಅರ್ಧ ಖಾಲಿ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜು ಮಾಡಿ, ಆಮೇಲೆ ಉಳಿದ ಮಾತು. ಮುಚ್ಚಳ ತೆಗೆಯುವ ಬ್ಯಾಟರಿಯಾದರೆ ಹೈಡ್ರೋಮೀಟರು ಇನ್ನೂ ನಂಬಿಕಸ್ಥ: ಚಾರ್ಜಾದ ಸೆಲ್ಲಿನಲ್ಲಿ ಆಮ್ಲದ ಸಾಂದ್ರತೆ 1.265ರ ಆಸುಪಾಸು ಇರುತ್ತದೆ. ಆರು ಸೆಲ್ಲುಗಳಲ್ಲಿ ಒಂದು ಮಾತ್ರ ಉಳಿದವಕ್ಕಿಂತ 0.050ರಷ್ಟು ಕೆಳಗಿದ್ದರೆ ಆ ಬ್ಯಾಟರಿ ಮುಗಿಯಿತು ಎಂದೇ ಅರ್ಥ. ಎಂಜಿನ್ ತಿರುಗುವಾಗ ಬ್ಯಾಟರಿಯ ಕಂಬಗಳ ನಡುವಿನ ವೋಲ್ಟೇಜು 9.6ಕ್ಕಿಂತ ಕೆಳಗೆ ಇಳಿಯಬಾರದು.

ರಾತ್ರಿಯಿಡೀ ನಿಂತ ವಾಹನದ ಬ್ಯಾಟರಿ ಬೆಳಿಗ್ಗೆ ಇಳಿದಿದ್ದರೆ ಬ್ಯಾಟರಿಯನ್ನೇ ದೂರುವುದು ಸರಿಯಲ್ಲ. ಎಂಜಿನ್ ಓಡುವಾಗ ಆಲ್ಟರ್ನೇಟರಿನಿಂದ 13.8ರಿಂದ 14.5 ವೋಲ್ಟ್ ಬರುತ್ತಿದೆಯೇ ಎಂದು ನೋಡಬೇಕು. ಎಲ್ಲ ಸ್ವಿಚ್ಚು ಆರಿಸಿ, ಮೈನಸ್ ಕೇಬಲ್ ಬಿಚ್ಚಿ, ನಡುವೆ ಮೀಟರು ಸೇರಿಸಿದಾಗ 50 ಮಿಲಿಆಂಪಿಯರಿಗಿಂತ ಹೆಚ್ಚು ಹರಿಯುತ್ತಿದ್ದರೆ ಎಲ್ಲೋ ಕರೆಂಟು ಸೋರುತ್ತಿದೆ. ಡ್ಯಾಷ್‌ಬೋರ್ಡಿನ ಖಾನೆಯ ಆರದ ದೀಪ, ಆಲ್ಟರ್ನೇಟರಿನ ಕೆಟ್ಟ ಡಯೋಡು, ಆಮೇಲೆ ಹಾಕಿಸಿದ ಸ್ಟೀರಿಯೊ, ಇವು ಸಾಮಾನ್ಯ ಕಾರಣಗಳು.

ವೋಲ್ಟೇಜು ಎಲ್ಲಿ ಕಳೆದುಹೋಗುತ್ತದೆ

ಎಷ್ಟೋ ಜನ ಅನುಭವಸ್ಥರೂ ಎಡವುವ ಜಾಗ ಇದು. ಟೆಸ್ಟ್ ಲ್ಯಾಂಪನ್ನು ಸೆಲ್ಫಿನ ಬೋಲ್ಟಿಗೆ ಹಿಡಿದು, ಅದು ಉರಿದ ಕೂಡಲೇ ‘ಕರೆಂಟು ಬರ್ತಿದೆ, ಸೆಲ್ಫೇ ಹೋಗಿದೆ’ ಎಂದು ತೀರ್ಮಾನಿಸುತ್ತಾರೆ. ಆದರೆ ಆ ದೀಪಕ್ಕೆ ಬೇಕಾದದ್ದು ಅರ್ಧ ಆಂಪಿಯರಿಗಿಂತ ಕಡಿಮೆ. ಕೇಬಲಿನ ನೂರಾರು ಎಳೆಗಳಲ್ಲಿ ಒಂದೇ ಒಂದು ಉಳಿದಿದ್ದರೂ ದೀಪ ಉರಿಯುತ್ತದೆ, ಮೀಟರೂ 12 ವೋಲ್ಟ್ ತೋರಿಸುತ್ತದೆ. ಸೆಲ್ಫ್ 200 ಆಂಪಿಯರ್ ಕೇಳಿದಾಗ ಆ ಒಂದೆಳೆಯ ಬಣ್ಣ ಬಯಲಾಗುತ್ತದೆ.

ಲೆಕ್ಕ ಹಾಕಿ ನೋಡಿದರೆ ಇದು ಸ್ಪಷ್ಟ. ಕಿಲುಬು ಹಿಡಿದ ಒಂದು ಜೋಡಣೆಯ ತಡೆ ಬರೀ 0.01 ಓಮ್ ಎಂದುಕೊಳ್ಳೋಣ. 200 ಆಂಪಿಯರ್ ಅದರ ಮೂಲಕ ಹಾದಾಗ 2 ವೋಲ್ಟ್ ಅಲ್ಲೇ ಕಳೆದುಹೋಗುತ್ತದೆ, 400 ವ್ಯಾಟ್ ಶಾಖವಾಗಿ ಆ ಜಾಗದಲ್ಲೇ ಹೊರಬೀಳುತ್ತದೆ. ಮೊದಲೇ ಹತ್ತೂವರೆಗೆ ಇಳಿದ ಬ್ಯಾಟರಿಯ ವೋಲ್ಟೇಜಿನಲ್ಲಿ ಸೆಲ್ಫಿಗೆ ಸಿಗುವುದು ಎಂಟೂವರೆ ಮಾತ್ರ. ಸಾಮಾನ್ಯ ಮಲ್ಟಿಮೀಟರಿನ ಓಮ್ ಪಟ್ಟಿಯಲ್ಲಿ 0.01 ಓಮ್ ಕಾಣುವುದೇ ಇಲ್ಲ, ಸೊನ್ನೆ ಎಂದೇ ತೋರುತ್ತದೆ. ಹಾಗಾಗಿ ಇಂಥ ದೋಷವನ್ನು ತಡೆ ಅಳೆದು ಹಿಡಿಯಲಾಗದು. ಕರೆಂಟು ಹರಿಯುತ್ತಿರುವಾಗ ಎಷ್ಟು ವೋಲ್ಟ್ ಬಿದ್ದುಹೋಗುತ್ತಿದೆ ಎಂದು ಅಳೆಯಬೇಕು.

ವಿಧಾನ ಸರಳ. ಎಂಜಿನ್ ಚಾಲೂ ಆಗದಂತೆ ಕಾಯಿಲಿನ ಪ್ಲಗ್ಗು ಬಿಚ್ಚಿಡಬೇಕು. ಮೀಟರನ್ನು ಡಿಸಿ ವೋಲ್ಟಿನಲ್ಲಿಟ್ಟು, ಒಂದು ಮೊನೆಯನ್ನು ಬ್ಯಾಟರಿಯ ಮೈನಸ್ ಕಂಬದ ಸೀಸದ ಮೇಲೇ ಒತ್ತಬೇಕು. ಕ್ಲ್ಯಾಂಪಿನ ಮೇಲಲ್ಲ, ಏಕೆಂದರೆ ಕ್ಲ್ಯಾಂಪಿಗೂ ಕಂಬಕ್ಕೂ ನಡುವಿನ ಬೂದು ಪುಡಿಯನ್ನೂ ಪರೀಕ್ಷೆ ಒಳಗೊಳ್ಳಬೇಕು. ಇನ್ನೊಂದು ಮೊನೆ ಸೆಲ್ಫಿನ ಮೈಯ ಬೆತ್ತಲೆ ಲೋಹಕ್ಕೆ. ಜೊತೆಗಾರರೊಬ್ಬರು ಕೀಲಿ ತಿರುಗಿಸಿ ಎರಡು ಸೆಕೆಂಡು ಸೆಲ್ಫ್ ಹೊಡೆಯಲಿ. ಮೀಟರು 0.2 ವೋಲ್ಟಿನೊಳಗೆ ತೋರಿಸಿದರೆ ಅರ್ತ್ ದಾರಿ ಚೆನ್ನಾಗಿದೆ. ಅರ್ಧ ವೋಲ್ಟ್, ಒಂದು ವೋಲ್ಟ್ ಬಂತೆಂದರೆ ಸೆಲ್ಫಿನ ಕಡೆಯ ಮೊನೆಯನ್ನು ಒಂದೊಂದೇ ಜೋಡಣೆ ಹಿಂದಕ್ಕೆ ಸರಿಸುತ್ತ ಬರಬೇಕು: ಬ್ಲಾಕು, ಕೇಬಲಿನ ಲಗ್ಗು, ಕ್ಲ್ಯಾಂಪು. ಓದು ಎಲ್ಲಿ ದಿಢೀರನೆ ಇಳಿಯುತ್ತದೋ ಕಳ್ಳ ಅಲ್ಲಿದ್ದಾನೆ. ಪ್ಲಸ್ ಕಡೆಯೂ ಹೀಗೆಯೇ, ಬ್ಯಾಟರಿಯ ಕಂಬದಿಂದ ಸೆಲ್ಫಿನ ಬೋಲ್ಟಿನವರೆಗೆ. ಅಲ್ಲಿ ಒಟ್ಟು ಅರ್ಧ ವೋಲ್ಟ್ ಮೀರಬಾರದು. ರಿಲೇಯ ಎರಡು ದೊಡ್ಡ ಬೋಲ್ಟುಗಳ ನಡುವೆಯೇ ಅಷ್ಟು ಬಿದ್ದರೆ ಒಳಗಿನ ತಾಮ್ರದ ತಟ್ಟೆ ಸುಟ್ಟಿದೆ. ರಿಲೇ ಬದಲಿಸುವುದೊಂದೇ ದಾರಿ. ಹೆಚ್ಚು ಬೆಲೆಯ ಭಾಗವೇನಲ್ಲ ಅದು.

ಅರ್ತ್ ಪಟ್ಟಿಯ ಬಗ್ಗೆ ಒಂದು ಮಾತು ಹೆಚ್ಚಾಗಿಯೇ ಹೇಳಬೇಕು. ಎಂಜಿನ್ ರಬ್ಬರಿನ ಮೌಂಟಿಂಗಿನ ಮೇಲೆ ಕೂತಿರುವುದರಿಂದ ಅದಕ್ಕೂ ಕ್ಯಾಬಿನ್ನಿಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದು ಇರುತ್ತದೆ. ಎಂಜಿನ್ ಬಿಚ್ಚಿ ಕೂಡಿಸುವಾಗ ಮರೆತುಹೋಗುವ ವಸ್ತು ಅದೇ. ಅದಿಲ್ಲದಿದ್ದಾಗ ಕರೆಂಟು ಸಿಕ್ಕ ಲೋಹ ಹಿಡಿದು ಮರಳುತ್ತದೆ. ಆಕ್ಸಿಲರೇಟರ್ ಕೇಬಲಿನ ಹೊದಿಕೆ ಬಿಸಿಯಾಗಿ ಕರಗಿದ್ದರೆ, ಹೆಡ್‌ಲೈಟು ಹಾಕಿದಾಗ ಟೆಂಪರೇಚರ್ ಮುಳ್ಳು ಅಲುಗಿದರೆ, ಮೊದಲು ಹುಡುಕಬೇಕಾದ್ದು ಈ ಪಟ್ಟಿಯನ್ನು.

ಸದ್ದು ಹೇಳುವುದು

ಕೀಲಿ ತಿರುಗಿಸಿದಾಗ ಕೇಳುವ ಸದ್ದೇ ಅರ್ಧ ಉತ್ತರ. ಏನೂ ಸದ್ದಿಲ್ಲವೆಂದರೆ ಸಣ್ಣ ದಾರಿಯಲ್ಲಿ ತೊಂದರೆ: ಕೀಲಿಯ ಸ್ವಿಚ್ಚು, ನ್ಯೂಟ್ರಲ್ ಸ್ವಿಚ್ಚು, ‘ಎಸ್’ ವೈರು, ರಿಲೇಯ ಅರ್ತ್. ಗೇರನ್ನು ಪಾರ್ಕಿನಿಂದ ನ್ಯೂಟ್ರಲಿಗೆ ತಂದು ಕೀಲಿ ತಿರುಗಿಸಿದಾಗ ಹಿಡಿದರೆ ನ್ಯೂಟ್ರಲ್ ಸ್ವಿಚ್ಚು ಜಾಗ ಬಿಟ್ಟು ಸರಿದಿದೆ. ಟಕಟಕನೆ ಬಿಡದೆ ಬಡಿದುಕೊಂಡರೆ ರಿಲೇ ಹಿಡಿಯುತ್ತಿದೆ, ಸೆಲ್ಫ್ ಕರೆಂಟು ಎಳೆದೊಡನೆ ವೋಲ್ಟೇಜು ಕುಸಿದು ಬಿಡುತ್ತಿದೆ. ಬ್ಯಾಟರಿ ಇಳಿದಿದೆ ಅಥವಾ ಅದರ ಕ್ಲ್ಯಾಂಪು ಸಡಿಲ. ಒಂದೇ ಒಂದು ಗಟ್ಟಿ ‘ಟಕ್’ ಕೇಳಿ ನಿಂತರೆ ದಪ್ಪ ದಾರಿಯಲ್ಲಿ ಅಥವಾ ಸೆಲ್ಫಿನ ಒಳಗೆ ತೊಂದರೆ. ಸೆಲ್ಫಿನ ಮೈಗೆ ಮೆಲ್ಲಗೆ ತಟ್ಟಿದಾಗ ತಿರುಗಿತೆಂದರೆ ಕಾರ್ಬನ್ ಬ್ರಶ್ಶುಗಳು ಸವೆದು ಕಮ್ಯುಟೇಟರಿಗೆ ಸರಿಯಾಗಿ ತಾಗುತ್ತಿಲ್ಲ. ತಟ್ಟುವುದು ಮನೆ ಸೇರಲು ಸಾಕು, ದುರಸ್ತಿಯಲ್ಲ.

ಸೆಲ್ಫ್ ಜೋರಾಗಿ ಸುತ್ತುತ್ತದೆ, ಎಂಜಿನ್ ಮಾತ್ರ ತಿರುಗುವುದಿಲ್ಲ ಎಂದರೆ ಬೆಂಡಿಕ್ಸ್ ಕೆಟ್ಟಿದೆ. ಅಪರೂಪಕ್ಕೊಮ್ಮೆ ಮಾತ್ರ ಕಿರುಗುಟ್ಟಿ ಜಾರಿದರೆ ರಿಂಗ್ ಗೇರಿನ ಹಲ್ಲು ನೋಡಬೇಕು. ಎಂಜಿನ್ ನಿಲ್ಲುವಾಗ ಒತ್ತಡದಲ್ಲಿರುವ ಸಿಲಿಂಡರಿನ ತಡೆಯಿಂದಾಗಿ ಸಾಮಾನ್ಯವಾಗಿ ಕೆಲವೇ ಜಾಗಗಳಲ್ಲಿ ನಿಲ್ಲುತ್ತದೆ. ಎಂಟು ಸಿಲಿಂಡರಿನದ್ದು ನಾಲ್ಕು ಜಾಗ, ಸಾಲಿನ ಆರು ಸಿಲಿಂಡರಿನದ್ದು ಮೂರು. ಹೀಗಾಗಿ ರಿಂಗ್ ಗೇರು ಸುತ್ತಲೂ ಸಮನಾಗಿ ಸವೆಯದೆ ಆ ಕೆಲವು ಕಡೆ ಮಾತ್ರ ಸವೆಯುತ್ತದೆ.

ಹೆಡ್‌ಲೈಟು ಹಾಕಿಕೊಂಡು ಕೀಲಿ ತಿರುಗಿಸುವ ಹಳೆಯ ಪರೀಕ್ಷೆ ಈಗಲೂ ಒಳ್ಳೆಯದೇ. ದೀಪ ಪೂರ್ತಿ ಆರಿದರೆ ಬ್ಯಾಟರಿಯ ಜೋಡಣೆ ಸಡಿಲ. ತೀರಾ ಮಂಕಾದರೆ ಬ್ಯಾಟರಿ ಇಳಿದಿದೆ ಅಥವಾ ಸೆಲ್ಫ್ ಬಿಗಿದುಕೊಂಡಿದೆ. ಎಳ್ಳಷ್ಟೂ ಮಂಕಾಗದಿದ್ದರೆ ಸೆಲ್ಫಿಗೆ ಕರೆಂಟೇ ಹೋಗುತ್ತಿಲ್ಲ.

ರಿಲೇಯ ಎರಡು ದೊಡ್ಡ ಬೋಲ್ಟುಗಳನ್ನು ಸ್ಕ್ರೂಡ್ರೈವರಿನಿಂದ ಕೂಡಿಸಿ ಸೆಲ್ಫ್ ಹೊಡೆಸುವುದನ್ನು ಬಹಳ ಕಡೆ ನೋಡುತ್ತೇವೆ. ಹಾಗೆ ಮಾಡಿದಾಗ ನ್ಯೂಟ್ರಲ್ ಸ್ವಿಚ್ಚಿನ ರಕ್ಷಣೆ ಇರುವುದಿಲ್ಲ. ಗೇರಿನಲ್ಲಿದ್ದ ವಾಹನ ಮುಂದೆ ನಿಂತವರ ಮೇಲೇ ಹರಿಯುತ್ತದೆ. ಚಾರ್ಜಾಗುವ ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್ನಿಗೆ ಅದೇ ಕಿಡಿ ಬೆಂಕಿ ಹಚ್ಚಬಲ್ಲದು. ಅದರ ಬದಲು ಗೇರು ನ್ಯೂಟ್ರಲಿನಲ್ಲಿಟ್ಟು, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಕ್ಕೆ ಕಲ್ಲು ಕೊಟ್ಟು, ‘ಎಸ್’ ಕಡ್ಡಿಗೆ ಉದ್ದದ ವೈರಿನಿಂದ ಬ್ಯಾಟರಿಯ ಪ್ಲಸ್ ಕರೆಂಟು ಕೊಟ್ಟು ಪರೀಕ್ಷಿಸಬಹುದು. ಜಂಪ್ ಕೊಡುವಾಗಲೂ ಕೊನೆಯ ಕ್ಲಿಪ್ಪನ್ನು ಇಳಿದ ಬ್ಯಾಟರಿಯ ಮೈನಸ್ಸಿಗೆ ಹಾಕದೆ ದೂರದ ಎಂಜಿನ್ ಲೋಹಕ್ಕೆ ಹಾಕುವುದು ಇದೇ ಕಾರಣಕ್ಕೆ.

ಎಲ್ಲವೂ ಸತ್ತಂತಿದ್ದು, ದೀಪ ಹಾರ್ನು ಯಾವುದೂ ಇಲ್ಲದೆ, ಬ್ಯಾಟರಿ ಮಾತ್ರ ಗಟ್ಟಿಯಾಗಿದ್ದರೆ ಫ್ಯೂಸಿಬಲ್ ಲಿಂಕ್ ನೆನಪಿಗೆ ಬರಬೇಕು. ರಿಲೇಯ ಬ್ಯಾಟರಿ ಬೋಲ್ಟಿನಿಂದ ಹೊರಡುವ, ಬೇಕೆಂದೇ ತೆಳುವಾಗಿ ಮಾಡಿದ ವೈರಿನ ತುಂಡು ಅದು. ಒಳಗೆ ಕರಗಿ ತುಂಡಾಗಿದ್ದರೂ ಹೊದಿಕೆ ಹಾಗೇ ಇರುತ್ತದೆ, ಒಂದಿಷ್ಟು ಬೊಬ್ಬೆ ಎದ್ದಿರಬಹುದು ಅಷ್ಟೇ. ಎರಡು ತುದಿ ಹಿಡಿದು ಎಳೆದಾಗ ರಬ್ಬರಿನಂತೆ ಹಿಗ್ಗಿದರೆ ಒಳಗೆ ತಾಮ್ರವಿಲ್ಲ. ಅಲ್ಲಿ ಸಾಧಾರಣ ವೈರು ಹಾಕಿ ಮುಂದೆ ಹೋಗುವುದು ಬೆಂಕಿಯನ್ನು ಕರೆದಂತೆ.

ಕೀಲಿ ಬೇರೆ, ಸ್ವಿಚ್ಚು ಬೇರೆ

ಎಂಬತ್ತರ ದಶಕದ ಈ ಫೋರ್ಡುಗಳಲ್ಲಿ ಕೀಲಿ ತೂರಿಸುವ ಸಿಲಿಂಡರಿಗೂ ವಿದ್ಯುತ್ ಸ್ವಿಚ್ಚಿಗೂ ನಡುವೆ ಉದ್ದದ ಸರಳಿದೆ. ಸ್ವಿಚ್ಚು ಸ್ಟೀರಿಂಗ್ ಕಾಲಮ್ಮಿನ ಕೆಳಭಾಗದಲ್ಲಿರುತ್ತದೆ. ಕೀಲಿ ತಿರುಗಿಸಿದಾಗ ಸರಳು ಅದರ ಗುಂಡಿಯನ್ನು ಸರಿಸುತ್ತದೆ. ಮೇಲಿನ ಅಚ್ಚಿನ ತುಂಡು ಸವೆದು ಬಿರುಕುಬಿಟ್ಟರೆ ಸರಳು ಕೊನೆಯವರೆಗೆ ಚಲಿಸುವುದಿಲ್ಲ. ಕೀಲಿ ಪೂರ್ತಿ ತಿರುಗಿತೆಂದು ಕೈಗೆ ಅನ್ನಿಸುತ್ತದೆ, ಸ್ವಿಚ್ಚು ಸ್ಟಾರ್ಟ್ ಮುಟ್ಟಿರುವುದಿಲ್ಲ. ಕಾಲಮ್ಮಿನ ಕೆಳಗೆ ಬಗ್ಗಿ, ಸ್ವಿಚ್ಚಿನ ಗುಂಡಿಯನ್ನು ಕೈಯಿಂದ ಸರಿಸಿದಾಗ ಸೆಲ್ಫ್ ಹಿಡಿದರೆ ದೋಷ ಯಾಂತ್ರಿಕವಾದದ್ದು, ವಿದ್ಯುತ್ತಿನದಲ್ಲ. ಕೆಲವು ಸಲ ಸ್ವಿಚ್ಚಿನ ಎರಡು ನಟ್ಟು ಸಡಿಲಿಸಿ ತುಸು ಸರಿಸಿ ಬಿಗಿದರೆ ಸಾಕಾಗುತ್ತದೆ.

ಸ್ವಿಚ್ಚಿನ ಪ್ಲಗ್ಗು ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿದ್ದರೆ ಅದನ್ನು ಹಗುರವಾಗಿ ಕಾಣಬಾರದು. 1996ರಲ್ಲಿ ಫೋರ್ಡ್, ನಿಂತ ವಾಹನದಲ್ಲೂ ಇಗ್ನಿಷನ್ ಸ್ವಿಚ್ಚು ಒಳಗೊಳಗೇ ಶಾರ್ಟಾಗಿ ಬೆಂಕಿ ಹೊತ್ತುವ ದೋಷಕ್ಕಾಗಿ, ಅಮೆರಿಕ ಮತ್ತು ಕೆನಡಾ ಸೇರಿ 80 ಲಕ್ಷಕ್ಕೂ ಹೆಚ್ಚು ವಾಹನಗಳನ್ನು ಹಿಂದಕ್ಕೆ ಕರೆಸಿಕೊಂಡು ಸ್ವಿಚ್ಚು ಬದಲಿಸಿಕೊಡಬೇಕಾಯಿತು. ಎಂಬತ್ತರ ದಶಕದ ಕೊನೆಯ ಮತ್ತು ತೊಂಬತ್ತರ ಮೊದಲ ವರ್ಷಗಳ ಮಾದರಿಗಳು ಅದರಲ್ಲಿದ್ದವು.

ಎಂಜಿನ್ ತಿರುಗುತ್ತದೆ, ಹೊತ್ತುವುದಿಲ್ಲ

ಸ್ಟಾರ್ಟರ್ ತಂದ ಅದೇ ಕೆಟರಿಂಗ್ ಹೆಸರಿನ ಹಳೆಯ ಮಾದರಿಯ ಇಗ್ನಿಷನ್ನಿನಲ್ಲಿ ಡಿಸ್ಟ್ರಿಬ್ಯೂಟರಿನ ಪಾಯಿಂಟುಗಳು ಕಾಯಿಲಿನ ಮೊದಲ ಸುರುಳಿಯ ಕರೆಂಟನ್ನು ಕಡಿಯುತ್ತವೆ. ಕಡಿದ ಕ್ಷಣದಲ್ಲಿ ಎರಡನೆಯ ಸುರುಳಿಯಲ್ಲಿ ಸಾವಿರಾರು ವೋಲ್ಟ್ ಹುಟ್ಟುತ್ತದೆ. ಪಾಯಿಂಟುಗಳಿಗೆ ಜೋಡಿಸಿದ ಕಂಡೆನ್ಸರ್ ಕೆಟ್ಟರೆ ಅವು ಬೇಗ ಸುಟ್ಟು ಕಿಡಿ ಹಳದಿಯಾಗುತ್ತದೆ. 1970ರ ದಶಕದ ನಡುವಿನಲ್ಲಿ ಫೋರ್ಡ್ ಪಾಯಿಂಟುಗಳನ್ನು ಬಿಟ್ಟು ಎಲೆಕ್ಟ್ರಾನಿಕ್ ಮಾಡ್ಯೂಲಿಗೆ ಹೋಯಿತು. 1977ರಿಂದ ಬಂದ ಡ್ಯೂರಾಸ್ಪಾರ್ಕ್ ಎಂಬ ಎಲೆಕ್ಟ್ರಾನಿಕ್ ಇಗ್ನಿಷನ್ ಪಿಕಪ್‌ಗಳಲ್ಲಿ ಬಹಳ ಕಾಲ ಉಳಿಯಿತು.

ಕಾಯಿಲಿನ ಮೊದಲ ಸುರುಳಿಯ ತಡೆ ಒಂದೂಕಾಲು ಒಂದೂವರೆ ಓಮ್ ಅಷ್ಟೇ ಇರುವುದರಿಂದ ನೇರ 12 ವೋಲ್ಟ್ ಕೊಟ್ಟರೆ ಎಂಟು ಆಂಪಿಯರಿಗಿಂತ ಹೆಚ್ಚು ಹರಿದು ಸುಡುತ್ತದೆ. ಹಾಗಾಗಿ ಕೀಲಿ ರನ್ ಸ್ಥಾನದಲ್ಲಿರುವಾಗ ಕರೆಂಟು ಒಂದು ತಡೆಯ ವೈರಿನ ಮೂಲಕ ಬರುತ್ತದೆ. ಫೋರ್ಡಿನಲ್ಲಿ ಅದು ಡ್ಯಾಷ್‌ಬೋರ್ಡಿನ ಹಿಂದೆ ಹಾದುಹೋಗುವ, ಸುಮಾರು 1.1 ಓಮ್ ತಡೆಯ ಉದ್ದನೆಯ ವೈರು. ಆದರೆ ಸೆಲ್ಫ್ ಹೊಡೆಯುವಾಗ ಬ್ಯಾಟರಿಯ ವೋಲ್ಟೇಜು ತಾನೇ ಇಳಿದಿರುತ್ತದೆ. ಆಗ ತಡೆಯೂ ಸೇರಿದರೆ ಕಿಡಿ ಸಾಯುತ್ತದೆ. ಆ ಹೊತ್ತಿನಲ್ಲಿ ತಡೆಯನ್ನು ಬಳಸಿ ದಾಟಿ ಪೂರ್ತಿ ವೋಲ್ಟೇಜನ್ನು ಕಾಯಿಲಿಗೆ ಒಯ್ಯುವುದು ರಿಲೇಯ ಆ ‘ಐ’ ಕಡ್ಡಿ.

ಈ ಏರ್ಪಾಡು ಗೊತ್ತಿದ್ದವರಿಗೆ ಎರಡು ದೋಷಗಳು ಮೀಟರಿಲ್ಲದೆಯೂ ಕಾಣುತ್ತವೆ. ಸೆಲ್ಫ್ ಹೊಡೆಯುವಷ್ಟು ಹೊತ್ತು ಎಂಜಿನ್ ಹೊತ್ತಿಕೊಂಡು, ಕೀಲಿ ಬಿಟ್ಟೊಡನೆ ಸತ್ತರೆ, ರನ್ ದಾರಿ ಕಡಿದಿದೆ: ತಡೆಯ ವೈರು, ಸ್ವಿಚ್ಚಿನ ರನ್ ಕಾಂಟ್ಯಾಕ್ಟು, ಅಥವಾ ಮಾಡ್ಯೂಲಿನ ಕೆಂಪು ವೈರು. ಅದರ ತದ್ವಿರುದ್ಧವಾಗಿ, ಎಷ್ಟು ಹೊಡೆದರೂ ಹೊತ್ತದೆ, ಕೈಸೋತು ಕೀಲಿ ಬಿಡುವ ಕ್ಷಣಕ್ಕೆ ‘ಭುಸ್’ ಎಂದು ಹೊತ್ತುವಂತಾದರೆ, ಸ್ಟಾರ್ಟ್ ದಾರಿ ಕಡಿದಿದೆ: ‘ಐ’ ಕಡ್ಡಿಯ ವೈರು ಅಥವಾ ಮಾಡ್ಯೂಲಿನ ಬಿಳಿ ವೈರು. ಡ್ಯೂರಾಸ್ಪಾರ್ಕ್ ಮಾಡ್ಯೂಲಿಗೆ ಕರೆಂಟು ರನ್ನಿನಲ್ಲಿ ಕೆಂಪು ವೈರಿನಿಂದ, ಸ್ಟಾರ್ಟಿನಲ್ಲಿ ಬಿಳಿ ವೈರಿನಿಂದ ಬರುತ್ತದೆ. ಈ ಎರಡು ಲಕ್ಷಣಗಳನ್ನು ಗುರುತಿಸದೆ ಕಾರ್ಬೊರೇಟರ್ ಬಿಚ್ಚಿದವರು ಎಷ್ಟೋ ಜನ.

ಕಿಡಿಯೇ ಇಲ್ಲವಾದರೆ ಕಾಯಿಲಿನ ಪ್ಲಸ್ಸಿನಲ್ಲಿ ವೋಲ್ಟೇಜು ಇದೆಯೇ ಎಂಬುದು ಮೊದಲ ಪ್ರಶ್ನೆ. ಇದ್ದರೆ, ಮೈನಸ್ಸಿಗೆ ಟೆಸ್ಟ್ ಲ್ಯಾಂಪು ಕೊಟ್ಟು ಎಂಜಿನ್ ತಿರುಗಿಸಿದಾಗ ಅದು ಮಿಣಮಿಣ ಎನ್ನಬೇಕು. ಎಂದರೆ ಮಾಡ್ಯೂಲು ಕೆಲಸ ಮಾಡುತ್ತಿದೆ. ಮುಂದೆ ನೋಡಬೇಕಾದ್ದು ಕಾಯಿಲು, ಕ್ಯಾಪು, ರೋಟರು. ಅನ್ನದಿದ್ದರೆ ಡಿಸ್ಟ್ರಿಬ್ಯೂಟರಿನ ಕಿತ್ತಳೆ ಮತ್ತು ನೇರಳೆ ವೈರುಗಳ ನಡುವೆ ತಡೆ ಅಳೆಯಬೇಕು. 400ರಿಂದ 1,000 ಓಮಿನೊಳಗೆ ಇರಬೇಕು, ಮತ್ತು ಆ ವೈರುಗಳನ್ನು ಅಲುಗಿಸಿದಾಗಲೂ ಬದಲಾಗಬಾರದು. ವ್ಯಾಕ್ಯೂಮ್ ಅಡ್ವಾನ್ಸಿನ ತಟ್ಟೆ ಹಿಂದೆಮುಂದೆ ಆಡುತ್ತ ವರ್ಷಾನುಗಟ್ಟಲೆ ಈ ವೈರುಗಳನ್ನು ಬಾಗಿಸುತ್ತದೆ. ಹೊದಿಕೆಯೊಳಗೇ ಎಳೆಗಳು ತುಂಡಾಗುತ್ತವೆ. ಮಾಡ್ಯೂಲಿನ ಕಪ್ಪು ವೈರು ಡಿಸ್ಟ್ರಿಬ್ಯೂಟರಿನ ಮೈಯಲ್ಲೇ ಅರ್ತ್ ಆಗುತ್ತದೆ, ಅದನ್ನೂ ಬಿಡಬಾರದು. ಎಲೆಕ್ಟ್ರಾನಿಕ್ ಇಗ್ನಿಷನ್ನಿನಲ್ಲಿ ಪ್ಲಗ್ ವೈರನ್ನು ಕೈಯಲ್ಲಿ ಹಿಡಿದು ಕಿಡಿ ನೋಡುವ ಅಭ್ಯಾಸ ಅಪಾಯಕಾರಿ. ಅರ್ತ್‌ಗೆ ಕ್ಲಿಪ್ ಹಾಕುವ ಸ್ಪಾರ್ಕ್ ಟೆಸ್ಟರ್ ದುಬಾರಿಯಲ್ಲ.

ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಹೊರಡುವ ದೋಷ ಹಿಡಿಯಲು ಬಹಳ ಕಷ್ಟ, ಏಕೆಂದರೆ ಗ್ಯಾರೇಜು ತಲುಪುವ ಹೊತ್ತಿಗೆ ಅದು ಇರುವುದಿಲ್ಲ. ಎಂಬತ್ತರ ದಶಕದಲ್ಲಿ ಫೋರ್ಡ್ ತಂದ ಟಿಎಫ್‌ಐ ಮಾಡ್ಯೂಲು ಇದಕ್ಕೆ ಹೆಸರಾಯಿತು. ಅದನ್ನು ಡಿಸ್ಟ್ರಿಬ್ಯೂಟರಿನ ಮೇಲೇ, ಎಂಜಿನ್ನಿನ ಬಿಸಿ ನೇರ ತಾಗುವಲ್ಲಿ ಕೂರಿಸಿದ್ದರು. ಕ್ಯಾಲಿಫೋರ್ನಿಯಾದಲ್ಲಿ ವಾಹನ ಮಾಲೀಕರು ಸಾಮೂಹಿಕವಾಗಿ ಹೂಡಿದ ಮೊಕದ್ದಮೆಯಲ್ಲಿ 2000ದಲ್ಲಿ ನ್ಯಾಯಾಧೀಶರು, ಕಂಪನಿ ಈ ದೋಷವನ್ನು ಮರೆಮಾಚಿತ್ತೆಂದು ಹೇಳಿದರು, ಮರುವರ್ಷ ರಾಜಿಯಾಯಿತು. ಈ ಮಾಡ್ಯೂಲು ಬದಲಿಸುವಾಗ ಅದರ ಬೆನ್ನಿಗೆ ಶಾಖ ಸಾಗಿಸುವ ಸಿಲಿಕೋನ್ ಗ್ರೀಸು ಹಚ್ಚದಿದ್ದರೆ ಹೊಸದೂ ಬೇಗ ಸಾಯುತ್ತದೆ.

ಬೇರೆ ಪಿಕಪ್‌ಗಳು, ನಮ್ಮ ಡೀಸೆಲ್‌ಗಳು

ಷೆವರ್ಲೆ ಪಿಕಪ್‌ಗಳಲ್ಲಿ ಸೊಲೆನಾಯ್ಡು ಸೆಲ್ಫಿನ ಮೇಲಿದ್ದು, ಸೈಲೆನ್ಸರ್ ಕೊಳವೆಯ ಹತ್ತಿರ ಬೇಯುತ್ತದೆ. ಬಿಸಿ ಎಂಜಿನ್ನಿನಲ್ಲಿ ಸೆಲ್ಫ್ ಹಿಡಿಯದಿರುವುದು ಅವುಗಳ ಹಳೆಯ ಕಾಯಿಲೆ. ಎಪ್ಪತ್ತರ ದಶಕದ ಡಾಜ್‌ಗಳಲ್ಲಿ ತಡೆಯ ವೈರಿನ ಬದಲು ಪಿಂಗಾಣಿಯ ಬ್ಯಾಲಸ್ಟ್ ಇದೆ, ಅದು ಬಿರುಕುಬಿಟ್ಟಾಗ ಕೀಲಿ ಬಿಟ್ಟೊಡನೆ ಎಂಜಿನ್ ನಿಲ್ಲುತ್ತದೆ. ಟೊಯೊಟಾ ಹೈಲಕ್ಸ್‌ನ ಸೆಲ್ಫ್ ಒಂದೇ ಸಲ ‘ಟಕ್’ ಎಂದು ನಿಂತರೆ ಹೆಚ್ಚಿನ ಪಾಲು ಸೊಲೆನಾಯ್ಡಿನೊಳಗಿನ ಎರಡು ತಾಮ್ರದ ತುಂಡುಗಳು ಸವೆದಿರುತ್ತವೆ. ಅವನ್ನಷ್ಟೇ ಬದಲಿಸಿದರೆ ಸೆಲ್ಫ್ ಮತ್ತೆ ವರ್ಷಗಟ್ಟಲೆ ನಡೆಯುತ್ತದೆ.

ಭಾರತದ ಪಿಕಪ್‌ಗಳು, 1988ರಲ್ಲಿ ಬಂದ ಟಾಟಾ ಮೊಬೈಲ್ 206ರಿಂದ ಹಿಡಿದು ಮಹೀಂದ್ರ ಪಿಕಪ್‌ಗಳವರೆಗೆ, ಬಹುಪಾಲು ಡೀಸೆಲ್. ಡೀಸೆಲಿಗೆ ಕಿಡಿ ಬೇಡ. ಅಲ್ಲಿ ಕಾಯಿಲು, ಪಾಯಿಂಟುಗಳ ಜಾಗದಲ್ಲಿ ನೋಡಬೇಕಾದವು ಹೀಟರ್ ಪ್ಲಗ್ಗು ಮತ್ತು ಪಂಪಿನ ಮೇಲಿನ ಡೀಸೆಲ್ ತಡೆಯುವ ಸೊಲೆನಾಯ್ಡು. ಇಂಥ ಸೊಲೆನಾಯ್ಡಿರುವ ರೋಟರಿ ಪಂಪಿನ ವಾಹನದಲ್ಲಿ ಕೀಲಿ ಆನ್ ಮಾಡಿದಾಗ ಪಂಪಿನ ಬಳಿ ಸಣ್ಣ ‘ಟಿಕ್’ ಕೇಳದಿದ್ದರೆ ಡೀಸೆಲ್ ಹೋಗುವುದಿಲ್ಲ, ಎಷ್ಟು ತಳ್ಳಿದರೂ ಎಂಜಿನ್ ಹೊತ್ತುವುದಿಲ್ಲ. ಡೀಸೆಲಿನ ಒತ್ತಡ ಹೆಚ್ಚಾದ್ದರಿಂದ ಸೆಲ್ಫಿನ ಕರೆಂಟೂ ಹೆಚ್ಚು. ಮೇಲೆ ಹೇಳಿದ ಅರ್ತ್ ಪರೀಕ್ಷೆ ಇಲ್ಲಿ ಇನ್ನೂ ಮುಖ್ಯ. ಕರಾವಳಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಗಾಲದಲ್ಲಿ ಲಗ್ಗುಗಳಿಗೆ ಕಿಲುಬು ಬಹುಬೇಗ ಹತ್ತುತ್ತದೆ. ಸ್ಪಾರ್ಕ್ ಪ್ಲಗ್ಗು ಮತ್ತು ಡೀಸೆಲ್ ಪಂಪುಗಳ ವಿಷಯದಲ್ಲಿ ಕರ್ನಾಟಕಕ್ಕೆ ಹಳೆಯ ನಂಟಿದೆ: 1951ರಲ್ಲಿ ಸ್ಥಾಪನೆಯಾದ ಮೈಕೊ ಕಂಪನಿ ಬೆಂಗಳೂರಿನಲ್ಲಿ ಇವೆರಡನ್ನೂ ತಯಾರಿಸಿತು, 2008ರಲ್ಲಿ ಅದರ ಹೆಸರು ಬಾಷ್ ಲಿಮಿಟೆಡ್ ಎಂದಾಯಿತು.

ಹಿಂದಿನವರು ಬಿಟ್ಟುಹೋದ ವೈರು

ಹಳೆಯ ಪಿಕಪ್ ಎಂದರೆ ನಾಲ್ಕಾರು ಕೈ ದಾಟಿದ ವಾಹನ. ಕಂಪನಿಯ ನಕ್ಷೆಯಲ್ಲಿಲ್ಲದ ಕಳ್ಳತನ ತಡೆಯುವ ಅಲಾರಂ, ಡ್ಯಾಷ್‌ಬೋರ್ಡಿನ ಕೆಳಗೆ ಅಡಗಿಸಿದ ಸ್ವಿಚ್ಚು, ಟ್ರೇಲರಿನ ದೀಪಕ್ಕೆ ಟೇಪು ಸುತ್ತಿ ಕೂಡಿಸಿದ ವೈರು, ಇವೆಲ್ಲ ಅದರಲ್ಲಿರುತ್ತವೆ. ಇಗ್ನಿಷನ್ ವೈರಿಗೆ ಕಚ್ಚಿಸಿದ ನೀಲಿ ಕ್ಲಿಪ್ಪುಗಳು ಎಳೆಗಳನ್ನು ಅರ್ಧ ಕತ್ತರಿಸಿ, ಒಳಗೆ ತೇವ ಬಿಟ್ಟುಕೊಳ್ಳುತ್ತವೆ. ಬಂದು ಹೋಗುವ ದೋಷ ಇದ್ದಲ್ಲಿ ಮೊದಲು ಇವನ್ನೇ ಹುಡುಕಿ ತೆಗೆದು, ಬೆಸೆದು, ಬಿಸಿಗೆ ಕುಗ್ಗುವ ಕೊಳವೆ ಹಾಕಬೇಕು. ಆಮೇಲೆ ಮೀಟರಿನ ಓದನ್ನು ನಂಬಬಹುದು.

ಆದ್ದರಿಂದ ಇಂಥ ವಾಹನ ಇಟ್ಟುಕೊಂಡವರಲ್ಲಿ ಒಂದು ವಿನಂತಿ. ಅದೇ ವರ್ಷದ ವೈರಿಂಗ್ ನಕ್ಷೆಯ ಪ್ರತಿಯೊಂದನ್ನು ಸಂಪಾದಿಸಿಕೊಳ್ಳಿ, ಹಿಂದುಮುಂದಿನ ವರ್ಷದ್ದು ಸಾಲದು, ಬಣ್ಣಗಳು ಬದಲಾಗಿರುತ್ತವೆ. ನೀವು ಹಾಕಿಸಿದ ಪ್ರತಿ ಹೊಸ ವೈರು, ರಿಲೇ, ಫ್ಯೂಸು ಎಲ್ಲಿಂದ ಎಲ್ಲಿಗೆ ಹೋಗಿದೆ ಎಂದು ದಿನಾಂಕದೊಂದಿಗೆ ಬರೆದು ನಕ್ಷೆಯ ಜೊತೆ ಡ್ಯಾಷ್‌ಬೋರ್ಡಿನ ಖಾನೆಯಲ್ಲಿಡಿ. ವಾಹನ ಮಾರಿದರೆ ಅದನ್ನೂ ಕೊಟ್ಟು ಕಳಿಸಿ.